ಆಟದ ಕಾರಿಗೆ ತೂಕವಿಲ್ಲ, ತೊಪ್ಪೂರು ಇಳಿಜಾರಿಗೆ ಕರುಣೆಯಿಲ್ಲ



ಈ ಬಾರಿ ಪಠ್ಯಪುಸ್ತಕ ತಡವಾದ ಗೋಳು, ಖಾಲಿ ಹುದ್ದೆಯ ಗೋಳು ಯಾವುದೂ ಇಲ್ಲ. ಈ ಬಾರಿ ಕಾರಿನ ವಿಷಯ. ಅದೂ ರಸ್ತೆಯ ಮೇಲಿನ ಕಾರಲ್ಲ, ನಮ್ಮ ಮಕ್ಕಳ ಕೈಯಲ್ಲಿರುವ ಮೊಬೈಲಿನೊಳಗೆ ಓಡುವ ಕಾರು. "ಮೇಷ್ಟ್ರಿಗೆ ಬೇರೆ ಕೆಲಸ ಇಲ್ಲವೇ" ಎಂದು ನಗುವವರು ನಗಲಿ. ನಕ್ಕು ಮುಗಿದ ಮೇಲೆ ಓದಿ. ಏಕೆಂದರೆ ಈ ವಿಷಯ ಮೊಬೈಲಿನಲ್ಲಿ ಹೊರಟು ಕೊನೆಗೆ ತೊಪ್ಪೂರು ಘಾಟಿಗೆ ಬಂದು ಸೇರುತ್ತದೆ.

ನಾವು ಹೇಳುವುದು ಇಷ್ಟೇ. ಮೊಬೈಲಿನ ರೇಸಿಂಗ್ ಆಟಗಳ ತಪ್ಪು ವೇಗವಲ್ಲ. ಅವುಗಳ ತಪ್ಪು ತೂಕವನ್ನು ಬಚ್ಚಿಡುವುದು, ಬ್ರೇಕನ್ನು ಸುಳ್ಳು ಮಾಡುವುದು. ಅದೇ ಹೊತ್ತಿನಲ್ಲಿ ನಿಜವಾದ ರಸ್ತೆಗೆ ಬರುತ್ತಿರುವ ಎಲೆಕ್ಟ್ರಿಕ್ ಕಾರುಗಳು ಹಳೆಯವಕ್ಕಿಂತ ಭಾರ, ಹಳೆಯವಕ್ಕಿಂತ ಚುರುಕು, ಮೇಲಾಗಿ ಸದ್ದೇ ಇಲ್ಲ. ಈ ಎರಡರ ನಡುವೆ ನಿಂತಿರುವವರು ನಮ್ಮ ಮಕ್ಕಳು. ತೂಕ ಎಂದರೇನು, ನಿಲ್ಲುವುದು ಎಂದರೇನು ಎಂದು ಅವರಿಗೆ ಕಲಿಸುವ ಕೆಲಸ ಶಾಲೆಯದು. ಅದನ್ನು ಬಿಟ್ಟು ಮೊಬೈಲ್ ಕಿತ್ತುಕೊಳ್ಳುವುದೇ ಶಿಕ್ಷಣ ಎಂದುಕೊಂಡರೆ ನಾವು ಮೇಷ್ಟ್ರುಗಳಲ್ಲ, ಜಪ್ತಿ ಅಮೀನರು!

ನಾಲ್ಕು ಗೆರೆ, ಐದನೆಯದು ಎಲ್ಲಿ?

ನಮ್ಮ ಕಡೆಯ ಮಕ್ಕಳಿಗೆ ಚೆನ್ನಾಗಿ ಗೊತ್ತಿರುವ ಆಟಗಳಲ್ಲಿ 'ಆಸ್ಫಾಲ್ಟ್' ಒಂದು. ಅದರ ಒಂಬತ್ತನೆಯ ಕಂತು 2018ರಲ್ಲಿ ಬಂತು, 2024ರಲ್ಲಿ ಹೆಸರು ಬದಲಿಸಿಕೊಂಡಿತು. ಅದರಲ್ಲಿ ಯಾವ ಕಾರನ್ನೇ ಒತ್ತಿ ನೋಡಿ, ಕಾರಿನ ಗುಣಗಳ ಪಟ್ಟಿ ಬರುತ್ತದೆ. ಗರಿಷ್ಠ ವೇಗ, ವೇಗ ಹೆಚ್ಚಿಸಿಕೊಳ್ಳುವ ಚುರುಕು, ಹ್ಯಾಂಡ್ಲಿಂಗ್, ನೈಟ್ರೋ. ಒಟ್ಟು ನಾಲ್ಕು. ಬ್ರೇಕ್ ಎಂಬ ಗೆರೆಯೇ ಇಲ್ಲ! ತೂಕ ಎಂಬ ಗೆರೆಯೂ ಇಲ್ಲ!

ಗಂಟೆಗೆ ಮುನ್ನೂರು ಕಿ.ಮೀ. ಮೀರಿ ಓಡುವ ಯಂತ್ರವನ್ನು ಮಗುವಿನ ಕೈಗೆ ಕೊಟ್ಟು, ಅದು ಎಷ್ಟು ಭಾರ, ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬ ಎರಡೇ ಎರಡು ಮಾತನ್ನು ಮುಚ್ಚಿಟ್ಟಿದ್ದಾರೆ. ಮದುವೆಗೆ ಗಂಡು ತೋರಿಸುವವರು ಸಂಬಳ, ಮನೆ, ಹೊಲ, ಮೀಸೆ ಎಲ್ಲ ಹೇಳಿ ಕುಡಿತದ ಮಾತು ಮಾತ್ರ ನುಂಗಿದ ಹಾಗೆ.

ಹಾಗಾದರೆ ಬ್ರೇಕ್ ಬಟನ್ ಇಲ್ಲವೇ? ಇದೆ. ಅದನ್ನು ಒತ್ತಿದರೆ ಕಾರು ಅಡ್ಡಡ್ಡ ಜಾರುತ್ತದೆ, ಅದಕ್ಕೆ ಡ್ರಿಫ್ಟ್ ಎನ್ನುತ್ತಾರೆ. ಜಾರಿದಷ್ಟೂ ನೈಟ್ರೋ ತುಂಬುತ್ತದೆ. ನೈಟ್ರೋ ತುಂಬಿದರೆ ಇನ್ನೂ ಜೋರಾಗಿ ಓಡಬಹುದು. ಅಂದರೆ ಆ ಲೋಕದಲ್ಲಿ ಬ್ರೇಕ್ ಇರುವುದು ನಿಲ್ಲಿಸಲಿಕ್ಕಲ್ಲ, ವೇಗ ಗಳಿಸಲಿಕ್ಕೆ! ಸ್ಟಿಯರಿಂಗ್ ತಿರುಗಿಸುವುದೂ ಕಷ್ಟವಾದರೆ 'ಟಚ್‌ಡ್ರೈವ್' ಇದೆ. ದಾರಿಯನ್ನು ಕಾರೇ ನೋಡಿಕೊಳ್ಳುತ್ತದೆ, ಮಗು ಜಾರಿಸಬೇಕು, ನೈಟ್ರೋ ಹಾಕಬೇಕು, ಅಷ್ಟೇ ಕೆಲಸ. ಎದುರಿನವನಿಗೆ ಗುದ್ದಿ ಉರುಳಿಸಿದರೆ ಬಹುಮಾನ. ತಾನೇ ಗುದ್ದಿಕೊಂಡು ಪುಡಿಯಾದರೆ ಕ್ಷಣದಲ್ಲಿ ಹೊಸ ಕಾರು, ಅದೇ ರಸ್ತೆಯ ಮೇಲೆ.

ಇದನ್ನು ಆಟ ಎಂದು ಬಿಡಬಹುದು. ಲಗೋರಿಯೂ ಆಟವೇ, ಅದರಲ್ಲಿ ನ್ಯೂಟನ್ನನ ಲೆಕ್ಕ ಯಾರೂ ಕೇಳುವುದಿಲ್ಲ. ಆದರೆ ಲಗೋರಿ ತಾನು ರಸ್ತೆ ಎಂದು ಹೇಳಿಕೊಳ್ಳುವುದಿಲ್ಲ. ಈ ಆಟಗಳಲ್ಲಿ ಇರುವುದು ನಿಜವಾದ ಕಂಪನಿಗಳ ನಿಜವಾದ ಕಾರುಗಳು, ನಿಜವಾದ ಹೆಸರು, ನಿಜವಾದ ಬಣ್ಣ. ಸುಳ್ಳಾಗಿರುವುದು ತೂಕ ಒಂದೇ. ಹಾಗಾಗಿ ಮಕ್ಕಳು ನಂಬುತ್ತಾರೆ.

ಎರಡು ಟನ್ನಿನ ಓಟಗಾರ

ಈ ಆಟಗಳಲ್ಲಿ ಈಗ ಮೆರೆಯುವ ಕಾರುಗಳಲ್ಲಿ ಎಲೆಕ್ಟ್ರಿಕ್ ಕಾರುಗಳೂ ಸೇರಿವೆ. ಕ್ರೊಯೇಷಿಯಾ ದೇಶದ ರಿಮಾಕ್ ನೆವೆರಾ ಎಂಬ ಕಾರಿಗೆ 1,914 ಅಶ್ವಶಕ್ತಿ, ಗರಿಷ್ಠ ವೇಗ ಗಂಟೆಗೆ 412 ಕಿ.ಮೀ. ಟೆಸ್ಲಾ ಮಾಡೆಲ್ ಎಸ್, ಪೋರ್ಷೆ ಟೈಕಾನ್, ಹ್ಯುಂಡೈ ಅಯೋನಿಕ್ 5 ಎನ್ ಎಲ್ಲವೂ ಸುಮಾರು ಎರಡು ಟನ್ನಿನವು ಅಥವಾ ಅದಕ್ಕಿಂತ ಭಾರ. ನಮ್ಮ ಅಪ್ಪಂದಿರ ಕಾಲದ ಮಾರುತಿ 800 ಕಾರಿನ ತೂಕ ಸುಮಾರು 650 ಕಿಲೋ. ಮೂರು ಮಾರುತಿಗಳನ್ನು ಒಂದರ ಮೇಲೊಂದು ಹೇರಿ ಗಂಟೆಗೆ ಇನ್ನೂರು ಕಿ.ಮೀ. ಓಡಿಸಿದರೆ ಹೇಗೋ ಹಾಗೆ.

ಎಲೆಕ್ಟ್ರಿಕ್ ಕಾರು ಏಕೆ ಭಾರ? ಮೋಟಾರು ಚಿಕ್ಕದೇ. ಭಾರವೆಲ್ಲ ಬ್ಯಾಟರಿಯದು. ಪೆಟ್ರೋಲ್ ಟ್ಯಾಂಕಿನಲ್ಲಿ 40 ಲೀಟರ್ ತುಂಬಿಸಿದರೆ ಸುಮಾರು 30 ಕಿಲೋ, ಓಡಿದಂತೆ ಅದೂ ಕರಗುತ್ತದೆ. 75 ಯೂನಿಟ್ ವಿದ್ಯುತ್ ಹಿಡಿಯುವ ಬ್ಯಾಟರಿ ಸುಮಾರು ಅರ್ಧ ಟನ್. 50 ಕಿಲೋ ಅಕ್ಕಿ ಮೂಟೆ ಹತ್ತು. ಖಾಲಿಯಾದರೂ ಅದರ ಭಾರ ಇಳಿಯುವುದಿಲ್ಲ.

ನಮ್ಮವರೇ ಮಾಡಿದ ಎಲೆಕ್ಟ್ರಿಕ್ ಕಾರೊಂದಿತ್ತು, ನೆನಪಿದೆಯೇ? 2001ರಲ್ಲಿ ಬೆಂಗಳೂರಿನಲ್ಲಿ ಚೇತನ್ ಮೈನಿಯವರ ಕಂಪನಿ ತಂದ ರೇವಾ. ಪುಟ್ಟ ಗಾಡಿ, ಗಂಟೆಗೆ 80 ಕಿ.ಮೀ. ಆಸುಪಾಸಿನ ವೇಗ. 2010ರಲ್ಲಿ ಮಹೀಂದ್ರಾ ಅದನ್ನು ಕೊಂಡುಕೊಂಡಿತು. ಆ ರೇವಾದಿಂದ ಇವತ್ತಿನ ಎರಡು ಟನ್ನಿನ ಓಟಗಾರರ ತನಕ ಬರಲು ಕಾಲು ಶತಮಾನ ಸಾಕಾಯಿತು. ಆದರೆ ಟಯರು ಅದೇ ರಬ್ಬರು, ರಸ್ತೆ ಅದೇ ಡಾಂಬರು.

ಬಿ.ಎ. ಮೇಷ್ಟ್ರ ಭೌತಶಾಸ್ತ್ರ

ನಾವು ಟಿ.ಸಿ.ಎಚ್., ಬಿ.ಎ. ಓದಿದವರು, ವಿಜ್ಞಾನ ಪದವೀಧರರಲ್ಲ. ಆದರೆ ಈ ಲೆಕ್ಕಕ್ಕೆ ದೊಡ್ಡ ಪದವಿ ಬೇಕಿಲ್ಲ, ಹೈಸ್ಕೂಲಿನ ಪಾಠ ಸಾಕು. ಓಡುವ ವಸ್ತುವಿನ ಚಲನಶಕ್ತಿ ಎಂದರೆ ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು. 1,100 ಕಿಲೋ ಕಾರು ಗಂಟೆಗೆ 100 ಕಿ.ಮೀ. ಓಡುವಾಗ ಅದರೊಳಗೆ ಸುಮಾರು 4.2 ಲಕ್ಷ ಜೂಲ್ ಶಕ್ತಿ ಇರುತ್ತದೆ. 2,200 ಕಿಲೋ ಕಾರಿನಲ್ಲಿ ಅದರ ಎರಡರಷ್ಟು, ಸುಮಾರು 8.5 ಲಕ್ಷ. ಆ ಭಾರದ ಕಾರನ್ನೇ 200 ಕಿ.ಮೀ. ಓಡಿಸಿದರೆ? ಎರಡರಷ್ಟಲ್ಲ, ನಾಲ್ಕರಷ್ಟು, ಸುಮಾರು 34 ಲಕ್ಷ. ನಿಲ್ಲಬೇಕಾದರೆ ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು, ಇಲ್ಲವೇ ಬ್ಯಾಟರಿಗೆ ವಿದ್ಯುತ್ತಾಗಿ ವಾಪಸು ಹೋಗಬೇಕು, ಎರಡೂ ಆಗದಿದ್ದರೆ ಎದುರಿಗಿರುವ ಗೋಡೆಗೋ ಗಾಡಿಗೋ ಮನುಷ್ಯನಿಗೋ ಹೋಗುತ್ತದೆ. ನಾಲ್ಕನೆಯ ದಾರಿ ಪ್ರಕೃತಿಯಲ್ಲಿಲ್ಲ. ಆಟದಲ್ಲಿದೆ, ಅಲ್ಲಿ ಶಕ್ತಿ ಸುಮ್ಮನೆ ಮಾಯವಾಗುತ್ತದೆ!

ಒಣ ರಸ್ತೆಯಲ್ಲಿ ಸಾಮಾನ್ಯ ಟಯರಿನ ಹಿಡಿತಕ್ಕೆ ಲೆಕ್ಕ ಹಾಕಿದರೆ, 50 ಕಿ.ಮೀ. ವೇಗದಲ್ಲಿ ಬ್ರೇಕ್ ಹಿಡಿದಾಗ ಸುಮಾರು 12 ಮೀಟರ್ ಬೇಕು. 100 ಕಿ.ಮೀ. ವೇಗದಲ್ಲಿ ಸುಮಾರು 49 ಮೀಟರ್. ಮಳೆ ಬಂದು ಹಿಡಿತ ಅರ್ಧಕ್ಕೆ ಇಳಿದರೆ ಸುಮಾರು 98 ಮೀಟರ್. ಇದು ಬ್ರೇಕ್ ಹಿಡಿದ ಮೇಲಿನ ದೂರ. ಕಣ್ಣಿಗೆ ಕಂಡು ಕಾಲು ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಕಳೆದರೆ ಇನ್ನೊಂದು 28 ಮೀಟರ್ ಸೇರಿಸಿ.

ಇಲ್ಲಿ ಒಬ್ಬ ಜಾಣ ಹುಡುಗ ಎದ್ದು ನಿಲ್ಲುತ್ತಾನೆ. "ಸಾರ್, ಈ ದೂರದ ಲೆಕ್ಕದಲ್ಲಿ ತೂಕವೇ ಬರಲಿಲ್ಲವಲ್ಲ? ತೂಕ ಎರಡೂ ಕಡೆ ಹೊಡೆದುಹೋಗುತ್ತದೆ. ಹಾಗಿದ್ದರೆ ಭಾರದ ಕಾರೂ ಹಗುರದ ಕಾರೂ ಒಂದೇ ದೂರದಲ್ಲಿ ನಿಲ್ಲಬೇಕಲ್ಲ?" ಇಂಥ ಪ್ರಶ್ನೆ ಬಂದ ದಿನ ಮೇಷ್ಟ್ರು ಖುಷಿಪಡಬೇಕು. ಕಾಗದದ ಮೇಲೆ ಅವನು ಹೇಳಿದ್ದು ಸರಿ. ಭಾರ ಹೆಚ್ಚಾದರೆ ಟಯರು ರಸ್ತೆಯನ್ನು ಒತ್ತುವುದೂ ಹೆಚ್ಚು, ಹಿಡಿತವೂ ಹೆಚ್ಚು. ಆದರೆ ರಸ್ತೆಯ ಮೇಲೆ ಮೂರು ತೊಡಕುಗಳಿವೆ.

ಒಂದು, ರಬ್ಬರು ನಮ್ಮ ಸೂತ್ರಕ್ಕೆ ಪೂರ್ತಿ ವಿಧೇಯವಲ್ಲ. ಭಾರ ದುಪ್ಪಟ್ಟಾದರೆ ಹಿಡಿತ ದುಪ್ಪಟ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಆಗುತ್ತದೆ. ಅದಕ್ಕಾಗಿಯೇ ಭಾರದ ಕಾರಿಗೆ ಅಗಲ ಟಯರು, ದೊಡ್ಡ ಬ್ರೇಕು ಹಾಕುತ್ತಾರೆ.

ಎರಡು, ದೂರ ಒಂದೇ ಆದರೂ ಬಿಸಿ ಒಂದೇ ಅಲ್ಲ. ಎರಡರಷ್ಟು ಶಕ್ತಿ, ಎರಡರಷ್ಟು ಬಿಸಿ. ಒಂದು ಸಲ ನಿಲ್ಲಿಸಬಹುದು, ಎರಡು ಸಲ ನಿಲ್ಲಿಸಬಹುದು. ಹತ್ತನೆಯ ತಿರುವಿನಲ್ಲಿ ಕಾದ ಬ್ರೇಕು ಮೊದಲಿನ ಹಾಗೆ ಹಿಡಿಯುವುದಿಲ್ಲ.

ಮೂರು, ಗುದ್ದಿದರೆ ಎದುರಿನವನಿಗೆ ಬೀಳುವ ಪೆಟ್ಟಿನಲ್ಲಿ ತೂಕ ಹೊಡೆದುಹೋಗುವುದಿಲ್ಲ. ಪೂರ್ತಿ ಹಾಜರಿರುತ್ತದೆ.

ತಿರುವಿನ ಮಾತೂ ಅಷ್ಟೇ. ಟಯರಿನ ಹಿಡಿತ ಎಂದರೆ ಒಂದೇ ಜೇಬಿನ ದುಡ್ಡು. ಬ್ರೇಕಿಗೆ ಖರ್ಚು ಮಾಡಿದರೆ ತಿರುವಿಗೆ ಉಳಿಯುವುದಿಲ್ಲ, ತಿರುವಿಗೆ ಖರ್ಚು ಮಾಡಿದರೆ ಬ್ರೇಕಿಗೆ ಉಳಿಯುವುದಿಲ್ಲ. ತಿರುವಿನ ಮಧ್ಯದಲ್ಲಿ ಹೆದರಿ ಬ್ರೇಕ್ ಒತ್ತಿದರೆ ಮುಂದಿನ ಚಕ್ರ ತಿರುಗಿದ್ದರೂ ಗಾಡಿ ನೇರಕ್ಕೇ ಹೋಗುತ್ತದೆ. ಅದಕ್ಕೇ ಬಲ್ಲವರು ತಿರುವಿಗೆ ಮುಂಚೆಯೇ ವೇಗ ಇಳಿಸುತ್ತಾರೆ. 15 ಮೀಟರ್ ತ್ರಿಜ್ಯದ ಕಡಿದಾದ ತಿರುವನ್ನು ಒಣ ರಸ್ತೆಯಲ್ಲಿ ದಾಟಬಹುದಾದ ಮಿತಿ ಗಂಟೆಗೆ ಸುಮಾರು 39 ಕಿ.ಮೀ. ಸಾವಿರ ಅಶ್ವಶಕ್ತಿ ಇದ್ದರೂ ಅಷ್ಟೇ, ಎತ್ತಿನ ಗಾಡಿಯಾದರೂ ಅಷ್ಟೇ. ಆಟದಲ್ಲಿ ಅದೇ ತಿರುವನ್ನು ಮಕ್ಕಳು ಇನ್ನೂರರಲ್ಲಿ ಜಾರಿಸಿ ದಾಟುತ್ತಾರೆ, ಮೇಲೆ ನೈಟ್ರೋ ಬೇರೆ!

ನೆಲಕ್ಕಂಟಿದ ಭಾರದ ಮೋಸ

ಎಲೆಕ್ಟ್ರಿಕ್ ಕಾರನ್ನು ಹೊಗಳುವವರು ಒಂದು ಮಾತು ಹೇಳುತ್ತಾರೆ, ಅದು ನಿಜವೇ. ಬ್ಯಾಟರಿ ಕಾರಿನ ತಳದಲ್ಲಿ ಹಾಸಿಗೆಯಂತೆ ಹರಡಿರುವುದರಿಂದ ಭಾರದ ಕೇಂದ್ರ ಕೆಳಗಿರುತ್ತದೆ. ತಿರುವಿನಲ್ಲಿ ಕಾರು ಓಲಾಡುವುದಿಲ್ಲ, ಉರುಳುವ ಭಯ ಕಡಿಮೆ. ಇದು ಒಳ್ಳೆಯ ಗುಣ. ಆದರೆ ಇದೇ ಮೋಸವೂ ಹೌದು. ಹಳೆಯ ಅಂಬಾಸಿಡರ್ ಕಾರು ಜೋರಾಗಿ ತಿರುಗಿದರೆ ಮೈ ಒಂದು ಕಡೆ ವಾಲುತ್ತಿತ್ತು, ಎಂಜಿನ್ ಕಿರುಚುತ್ತಿತ್ತು, ಕಿಟಕಿ ನಡುಗುತ್ತಿತ್ತು. ಗಾಡಿಯೇ "ಸಾಕು ಮಾರಾಯ" ಎನ್ನುತ್ತಿತ್ತು. ಹೊಸ ಕಾರು ಏನೂ ಹೇಳುವುದಿಲ್ಲ. ಟಯರಿನ ಹಿಡಿತ ಮುಗಿಯುವ ತನಕ ಎಲ್ಲವೂ ಶಾಂತ. ಮುಗಿದ ಮೇಲೆ ಎರಡು ಟನ್.

ಇನ್ನೊಂದು ವಿಶೇಷ, ಮರುಉತ್ಪಾದನಾ ಬ್ರೇಕ್. ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ ಗಾಡಿಯನ್ನು ಎಳೆದು ಹಿಡಿಯುತ್ತದೆ, ಹುಟ್ಟಿದ ವಿದ್ಯುತ್ತು ಬ್ಯಾಟರಿಗೆ ಹೋಗುತ್ತದೆ. ಬಹಳ ಒಳ್ಳೆಯ ವ್ಯವಸ್ಥೆ. ಆದರೆ ಇದಕ್ಕೂ ಮಿತಿ ಇದೆ ಎಂದು ಯಾವ ಆಟ ನಮ್ಮ ಮಕ್ಕಳಿಗೆ ಹೇಳಿದೆ?

ನಮ್ಮ ಸೇಲಂ ಜಿಲ್ಲೆಯ ಏರ್ಕಾಡನ್ನೇ ತೆಗೆದುಕೊಳ್ಳಿ. ಬೆಟ್ಟದ ಮೇಲಿನ ಊರು ಸುಮಾರು 1,500 ಮೀಟರ್ ಎತ್ತರದಲ್ಲಿ, ಸೇಲಂ ಪಟ್ಟಣ ಸುಮಾರು 280 ಮೀಟರಿನಲ್ಲಿ. ನಡುವೆ 20 ಹೇರ್‌ಪಿನ್ ತಿರುವು. ಎರಡು ಟನ್ನಿನ ಕಾರು ಅಷ್ಟು ಇಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 6.5 ಯೂನಿಟ್ ವಿದ್ಯುತ್ತಿಗೆ ಸಮ. ಬ್ಯಾಟರಿಯಲ್ಲಿ ಜಾಗವಿದ್ದರೆ ಅದರಲ್ಲಿ ದೊಡ್ಡ ಪಾಲು ವಾಪಸು ಸಿಗುತ್ತದೆ, ಬ್ರೇಕು ತಣ್ಣಗಿರುತ್ತದೆ. ಆದರೆ ಮೇಲೆಯೇ ನೂರಕ್ಕೆ ನೂರು ಚಾರ್ಜ್ ಮಾಡಿಸಿ ಇಳಿಯಲು ಹೊರಟರೆ? ತುಂಬಿದ ಕೊಡಕ್ಕೆ ನೀರು ಹೊಯ್ದ ಹಾಗೆ. ಮೋಟಾರಿನ ಹಿಡಿತ ಸಡಿಲವಾಗುತ್ತದೆ, ಎಲ್ಲ ಭಾರವೂ ಸಾಮಾನ್ಯ ಬ್ರೇಕಿನ ಮೇಲೆ ಬೀಳುತ್ತದೆ. ಕೆಲವು ಕಾರುಗಳು ಇದನ್ನು ತಾವೇ ಸರಿದೂಗಿಸುತ್ತವೆ, ಎಲ್ಲವೂ ಅಲ್ಲ. ಓಡಿಸುವವನಿಗೆ ತಿಳಿದಿರಲೇಬೇಕು.

ದೊಡ್ಡ ರೇಸಿನವರಿಗೂ ಈ ಪಾಠ ತಪ್ಪಲಿಲ್ಲ. 2023ರ ಫೆಬ್ರವರಿ 11ರಂದು ಹೈದರಾಬಾದಿನ ಹುಸೇನ್ ಸಾಗರದ ದಡದಲ್ಲಿ ಫಾರ್ಮುಲಾ ಇ ಎಲೆಕ್ಟ್ರಿಕ್ ಕಾರುಗಳ ಸ್ಪರ್ಧೆ ನಡೆಯಿತು. ಆ ಪೀಳಿಗೆಯ ಕಾರು ಸುಮಾರು 850 ಕಿಲೋ ಮಾತ್ರ. ಹಿಂದಿನ ಚಕ್ರಗಳಿಗೆ ಮಾಮೂಲಿ ಬ್ರೇಕೇ ಬೇಡ, ಮೋಟಾರೇ ಸಾಕು ಎಂದು ವಿನ್ಯಾಸ ಮಾಡಿದ್ದರು. ಅಷ್ಟು ದೊಡ್ಡ ಎಂಜಿನಿಯರುಗಳೂ ಅದೇ ಋತುವಿನಲ್ಲಿ ತುರ್ತು ಬ್ರೇಕನ್ನು ಸೇರಿಸಬೇಕಾಯಿತು. ಒಂದೇ ಬ್ರೇಕನ್ನು ನಂಬಬಾರದು ಎಂಬುದು ಬೆಟ್ಟದ ಬುಡದವರಿಗೆ ಹೊಸ ಮಾತೇನಲ್ಲ.

ತೊಪ್ಪೂರು ನಮ್ಮ ಪಾಠಪುಸ್ತಕ

ಈಗ ತೊಪ್ಪೂರಿಗೆ ಬರೋಣ. ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ, ಧರ್ಮಪುರಿ ದಾಟಿ ಸೇಲಂಗೆ ಇಳಿಯುವ ಹೆದ್ದಾರಿ 44. ಈ ದಾರಿಯೆಲ್ಲ ಒಂದು ಕಾಲಕ್ಕೆ ಸೇಲಂ ಜಿಲ್ಲೆಯೇ ಆಗಿತ್ತು. 1965ರಲ್ಲಿ ಧರ್ಮಪುರಿ ಬೇರೆಯಾಯಿತು, 2004ರಲ್ಲಿ ಕೃಷ್ಣಗಿರಿ ಬೇರೆಯಾಯಿತು. ಜಿಲ್ಲೆ ಮೂರಾದರೂ ಇಳಿಜಾರು ಒಂದೇ. ಧರ್ಮಪುರಿಯಿಂದ ಸೇಲಂ ಕಡೆಗೆ ಇಳಿಯುವ ತೊಪ್ಪೂರು ಘಾಟಿನಲ್ಲಿ ಎಷ್ಟು ಮನೆಗಳ ದೀಪ ಆರಿದೆ ಎಂದು ಈ ದಾರಿಯ ಊರಿನವರಿಗೆ ಹೇಳಬೇಕಾಗಿಲ್ಲ. 2020ರ ಡಿಸೆಂಬರಿನಲ್ಲಿ ಹತೋಟಿ ತಪ್ಪಿದ ಒಂದು ಲಾರಿ ಮುಂದಿದ್ದ ಹತ್ತಕ್ಕೂ ಹೆಚ್ಚು ವಾಹನಗಳಿಗೆ ಗುದ್ದಿ ನಾಲ್ವರು ಸತ್ತರು. 2024ರ ಜನವರಿಯಲ್ಲಿ ಮತ್ತೊಮ್ಮೆ ಲಾರಿಗಳ ನಡುವೆ ಕಾರು ಸಿಕ್ಕಿ ಅಪ್ಪಚ್ಚಿಯಾಗಿ ಬೆಂಕಿ ಹತ್ತಿತು, ಮತ್ತೆ ನಾಲ್ವರು.

ಅಲ್ಲಿ ನಡೆಯುವುದೇನು? 40 ಟನ್ನಿನ ಲಾರಿ ನೂರು ಮೀಟರ್ ಎತ್ತರ ಇಳಿದರೆ ಬಿಡಬೇಕಾದ ಶಕ್ತಿ ಎಷ್ಟು ಗೊತ್ತೇ? ಸುಮಾರು 130 ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ಮದುವೆ ಮನೆಯ ದೊಡ್ಡ ಹಂಡೆಯ ನೀರು! ಅಷ್ಟು ಬಿಸಿಯನ್ನೂ ಬ್ರೇಕಿನ ಡ್ರಮ್ಮೇ ತಿನ್ನಬೇಕೆಂದರೆ ಅದು ಕೆಂಡವಾಗುತ್ತದೆ. ಹಾಗಾಗಬಾರದೆಂದೇ ಗಾಡಿಯನ್ನು ಕೆಳ ಗೇರಿನಲ್ಲಿ ಇಳಿಸಬೇಕು, ಎಂಜಿನ್ನೇ ಹಿಡಿದಿಡಬೇಕು. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ ಮಾಡಿ ಬಿಡುವವರಿದ್ದಾರೆ. ಉಳಿಯುವುದೂ ಇಲ್ಲ. ಈಗಿನ ಎಂಜಿನ್ನುಗಳು ಗೇರಿನಲ್ಲಿದ್ದು ಕಾಲು ತೆಗೆದರೆ ಡೀಸೆಲ್ಲನ್ನೇ ನಿಲ್ಲಿಸುತ್ತವೆ, ನ್ಯೂಟ್ರಲಿನಲ್ಲಿ ಮಾತ್ರ ಸುಮ್ಮನೆ ಕುಡಿಯುತ್ತಿರುತ್ತವೆ. ಇಲ್ಲದ ಉಳಿತಾಯಕ್ಕೆ ಇರುವ ಜೀವ ಕೊಟ್ಟ ಲೆಕ್ಕ.

ಗಮನಿಸಿ. ನ್ಯೂಟ್ರಲಿನಲ್ಲಿ ಇಳಿಯುವ ಲಾರಿಗೂ ತುಂಬಿದ ಬ್ಯಾಟರಿಯಲ್ಲಿ ಇಳಿಯುವ ಎಲೆಕ್ಟ್ರಿಕ್ ಕಾರಿಗೂ ಪಾಠ ಒಂದೇ. ಬ್ರೇಕಿಗೆ ಜೊತೆಗಾರ ಇಲ್ಲದಿದ್ದರೆ ಬ್ರೇಕು ಸೋಲುತ್ತದೆ. ಎತ್ತಿನ ಗಾಡಿಯ ಕಾಲದಲ್ಲೂ ರಾಗಿ ಮೂಟೆ ಹೇರಿದ ಗಾಡಿ ಇಳಿಜಾರಿಗೆ ಬಂದರೆ ಗಾಡಿಯವನು ಕೆಳಗಿಳಿದು ಹಿಂದಿನಿಂದ ಎಳೆದು ಹಿಡಿಯುತ್ತಿದ್ದ. ಭಾರ ಎತ್ತಿನ ಕುತ್ತಿಗೆಗೆ ಬರಬಾರದೆಂದು. ಓದು ಬರದ ಆ ಅಜ್ಜನಿಗೆ ತಿಳಿದಿದ್ದು ಸಾವಿರಾರು ರೂಪಾಯಿಯ ಫೋನಿಗೆ ತಿಳಿಯದೇ?

ತಿಳಿಯುತ್ತದೆ. ಬೇಕೆಂದೇ ಹೇಳುತ್ತಿಲ್ಲ. ಹೇಳುವ ಆಟಗಳೂ ಇವೆಯಲ್ಲ! ಜಪಾನಿನಲ್ಲಿ 1997ರಲ್ಲಿ ಶುರುವಾದ 'ಗ್ರಾನ್ ಟುರಿಸ್ಮೊ' ಆಟದಲ್ಲಿ ಪ್ರತಿ ಕಾರಿನ ತೂಕ ಬರೆದಿರುತ್ತದೆ. ಬ್ರೇಕ್ ಒತ್ತಿದರೆ ಭಾರ ಮುಂದಿನ ಚಕ್ರಕ್ಕೆ ಬರುತ್ತದೆ, ಟಯರು ಸವೆಯುತ್ತದೆ, ಎರಡು ಟನ್ನಿನ ಎಲೆಕ್ಟ್ರಿಕ್ ಕಾರನ್ನು ಹಗುರದ ಕಾರಿನಂತೆ ತಿರುಗಿಸಲು ಹೋದರೆ ರಸ್ತೆ ಬಿಟ್ಟು ಹೊರಗೆ ಹೋಗುತ್ತದೆ. 2013ರಲ್ಲಿ ಮೊಬೈಲಿಗೇ ಬಂದ 'ರಿಯಲ್ ರೇಸಿಂಗ್ 3' ಆಟದ ಪಟ್ಟಿಯಲ್ಲಿ ವೇಗದ ಜೊತೆ ಬ್ರೇಕು, ಹಿಡಿತ ಎರಡೂ ಇದ್ದವು. ಅಂದರೆ ನಿಜ ಹೇಳುವುದು ಕಷ್ಟವಲ್ಲ. ಸುಳ್ಳು ಹೆಚ್ಚು ಖರ್ಚಾಗುತ್ತದೆ, ಅಷ್ಟೇ.

ಆಟದವರನ್ನು ಮಾತ್ರ ಬೈದರೆ ಸಾಲದು. ನಿಜವಾದ ಕಾರು ಮಾರುವವರ ಜಾಹೀರಾತು ನೋಡಿ. ಸೊನ್ನೆಯಿಂದ ನೂರಕ್ಕೆ ಇಷ್ಟು ಸೆಕೆಂಡು ಎಂದು ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ನೂರರಿಂದ ಸೊನ್ನೆಗೆ ಎಷ್ಟು ಮೀಟರ್ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದನ್ನು ನೀವು ಯಾವಾಗ ನೋಡಿದ್ದೀರಿ?

ಎರಡು ಬಗೆಯ ಜನ

ಇಷ್ಟೆಲ್ಲ ಹೇಳಿದರೆ ಎರಡು ಬಗೆಯ ಜನ ಎದುರು ಬರುತ್ತಾರೆ.

ಮೊದಲನೆಯವರು "ಮೊಬೈಲ್ ಬಿಡಿಸಿ, ಎಲ್ಲ ಸರಿಹೋಗುತ್ತದೆ" ಎನ್ನುವವರು. ಸ್ವಾಮಿ, ಮೊಬೈಲ್ ಬಿಡಿಸಿದರೆ ತೊಪ್ಪೂರು ಘಾಟು ಸಮತಟ್ಟಾಗುತ್ತದೆಯೇ? ನಮ್ಮ ಮಕ್ಕಳಲ್ಲಿ ಲಾರಿ ಡ್ರೈವರುಗಳ ಮಕ್ಕಳಿದ್ದಾರೆ, ಹೊಸೂರಿನ ಕಾರ್ಖಾನೆಗೆ ಪಾಳಿಯಲ್ಲಿ ಹೋಗುವವರ ಮಕ್ಕಳಿದ್ದಾರೆ. 2021ರಲ್ಲಿ ಹೊಸೂರಿನಲ್ಲಿ ಏಥರ್, ಪೋಚಂಪಳ್ಳಿಯಲ್ಲಿ ಓಲಾ ಎಲೆಕ್ಟ್ರಿಕ್ ಸ್ಕೂಟರ್ ಮಾಡಲು ಶುರು ಮಾಡಿದವು. ಎಲೆಕ್ಟ್ರಿಕ್ ಗಾಡಿ ನಮಗೆ ಸಿನಿಮಾದ ವಸ್ತುವಲ್ಲ, ಹಿತ್ತಲ ಬೆಳೆ. ಗಂಟೆಗೆ 25 ಕಿ.ಮೀ. ಒಳಗಿನ, 250 ವ್ಯಾಟ್ ಒಳಗಿನ ಗಾಡಿಗೆ ಲೈಸೆನ್ಸೇ ಬೇಡ. ಅದರಿಂದ ದೊಡ್ಡ ಸ್ಕೂಟರಿಗೆ ಹಾರಲು ಎಂಟನೆಯ ತರಗತಿಯ ಹುಡುಗನಿಗೆ ಎಷ್ಟು ಹೊತ್ತು? 2019ರ ಕಾನೂನು ತಿದ್ದುಪಡಿಯಂತೆ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದ ತನಕ ಜೈಲು. ಕಾನೂನು ಅಪ್ಪನನ್ನು ಹಿಡಿಯಬಹುದು, ಗಾಡಿಯನ್ನು ಹಿಡಿಯುವುದು ಹುಡುಗನ ತಿಳಿವಳಿಕೆಯೇ.

ಎರಡನೆಯವರು "ಇದೆಲ್ಲ ಇಂಗ್ಲಿಷಿನಲ್ಲಿ ಕಲಿಯಬೇಕಾದ ವಿಷಯ, ಕನ್ನಡ ಮಾಧ್ಯಮಕ್ಕೆ ಎತ್ತಿನ ಗಾಡಿ ಸಾಕು" ಎನ್ನುವವರು. ಇವರ ಮೇಲೆ ನಮಗೆ ಹೆಚ್ಚು ಸಿಟ್ಟು. ಮೇಲೆ ಬರೆದಿರುವುದನ್ನು ಮತ್ತೊಮ್ಮೆ ಓದಿ. ಜಡತ್ವ, ಘರ್ಷಣೆ, ಚಲನಶಕ್ತಿ, ಹಿಡಿತ, ತೂಕ. ಯಾವ ಮಾತು ಕನ್ನಡದಲ್ಲಿ ನಿಲ್ಲಲಿಲ್ಲ? ನಮ್ಮ ಮಕ್ಕಳಿಗೆ ಇನ್ನೊಂದು ಅನುಕೂಲವೂ ಇದೆ. ಪಕ್ಕದ ಬೀದಿಯ ತಮಿಳು ಮಾಧ್ಯಮದ ಗೆಳೆಯ ಅದೇ ಘರ್ಷಣೆಗೆ ಉರಾಯ್ವು ಎನ್ನುತ್ತಾನೆ, ಜಡತ್ವಕ್ಕೆ ನಿಲೈಮಂ ಎನ್ನುತ್ತಾನೆ. ಒಂದೇ ವಿಷಯವನ್ನು ಎರಡು ಭಾಷೆಯಲ್ಲಿ ಕೇಳಿದ ಮಗುವಿಗೆ ಅದು ಬಾಯಿಪಾಠವಾಗಿ ಉಳಿಯುವುದಿಲ್ಲ, ಅರ್ಥವಾಗುತ್ತದೆ. ತಮಿಳುನಾಡಿನ ಹತ್ತನೆಯ ತರಗತಿ ವಿಜ್ಞಾನದಲ್ಲಿ ಮೊದಲ ಪಾಠವೇ ಚಲನೆಯ ನಿಯಮಗಳು. ಪಾಠ ಪುಸ್ತಕದಲ್ಲಿದೆ, ಕಾರು ಮಕ್ಕಳ ಜೇಬಿನಲ್ಲಿದೆ, ಇಳಿಜಾರು ಊರ ಮುಂದಿದೆ. ಮೂರನ್ನೂ ಜೋಡಿಸುವ ಮೇಷ್ಟ್ರು ಬೇಕು, ಅಷ್ಟೇ. ಬಸ್ಸು ಹತ್ತಿ ಇಂಗ್ಲಿಷ್ ಶಾಲೆಗೆ ಹೋಗುವ ಮಗು ಬ್ರೇಕಿಗೆ 'ಬ್ರೇಕ್' ಎನ್ನುತ್ತದೆ. ನಮ್ಮ ಮಗುವೂ 'ಬ್ರೇಕ್' ಎಂದೇ ಅನ್ನುತ್ತದೆ. ಅದು ಹೇಗೆ ಹಿಡಿಯುತ್ತದೆ ಎಂದು ಯಾರಿಗೆ ಗೊತ್ತು ಎಂಬುದು ಪ್ರಶ್ನೆ.

ಖರ್ಚಿಲ್ಲದ ಮೂರು ಕೆಲಸ

ಬೈದು ಕೂತರೆ ಪ್ರಯೋಜನವಿಲ್ಲ. ಯಾವ ಅನುದಾನವೂ ಬೇಡದ ಮೂರು ಕೆಲಸ ಹೇಳುತ್ತೇವೆ, ಐದನೆಯ ತರಗತಿಯಿಂದಲೇ ಮಾಡಬಹುದು.

ಮೊದಲನೆಯದು ಹಲಗೆ, ಆಟಿಕೆ ಕಾರು, ಬೆಂಕಿಪೊಟ್ಟಣ. ಹಲಗೆಯನ್ನು ಓರೆಯಾಗಿ ಇಟ್ಟು, ಬುಡದಲ್ಲಿ ಬೆಂಕಿಪೊಟ್ಟಣ ಇಡಿ. ಖಾಲಿ ಕಾರನ್ನು ಬಿಡಿ, ಪೊಟ್ಟಣ ಎಷ್ಟು ದೂರ ಸರಿಯಿತು ಎಂದು ಅಳೆಯಿರಿ. ಕಾರಿನ ಮೇಲೆ ಕಲ್ಲು ಕಟ್ಟಿ ಅದೇ ಎತ್ತರದಿಂದ ಬಿಡಿ. ವೇಗ ಹೆಚ್ಚುಕಡಿಮೆ ಅದೇ, ಪೊಟ್ಟಣ ಹೋಗುವ ದೂರ ಬೇರೆ. ಇದು ತೂಕದ ಪಾಠ. ಆಮೇಲೆ 10 ಸೆಂ.ಮೀ. ಎತ್ತರದಿಂದ ಒಮ್ಮೆ, 40 ಸೆಂ.ಮೀ. ಎತ್ತರದಿಂದ ಒಮ್ಮೆ ಬಿಡಿ. ಎತ್ತರ ನಾಲ್ಕರಷ್ಟಾದರೆ ವೇಗ ಎರಡರಷ್ಟು ಮಾತ್ರ, ಆದರೆ ಪೊಟ್ಟಣ ಸುಮಾರು ನಾಲ್ಕರಷ್ಟು ದೂರ ಹೋಗುತ್ತದೆ. ಇದು ವೇಗದ ಪಾಠ.

ಎರಡನೆಯದು ಪುಸ್ತಕದ ಚೀಲ. ಅಂಗಳದಲ್ಲಿ ಸುಣ್ಣದ ಗೆರೆ ಹಾಕಿ. ಮಕ್ಕಳು ಬರಿಗೈಯಲ್ಲಿ ಓಡಿ ಬಂದು ಗೆರೆ ಮುಟ್ಟಿದ ಕೂಡಲೇ ನಿಲ್ಲಲಿ. ಆಮೇಲೆ ಚೀಲ ಹೊತ್ತು ಅದೇ ವೇಗದಲ್ಲಿ ಓಡಿ ನಿಲ್ಲಲಿ. ಗೆರೆಯಾಚೆ ಎಷ್ಟು ಹೆಜ್ಜೆ ಹೋಯಿತು, ಕಾಲು ಎಷ್ಟು ನೋಯಿತು ಎಂದು ಅವರೇ ಹೇಳಲಿ. ಬ್ಯಾಟರಿ ಹೊತ್ತ ಕಾರಿನ ಕಷ್ಟ ಮೈಗೇ ತಿಳಿಯುತ್ತದೆ.

ಮೂರನೆಯದು ಆಟವನ್ನೇ ಪರೀಕ್ಷೆಗೆ ಕೂರಿಸುವುದು! ಆಟದ ಕಾರು 200 ಕಿ.ಮೀ. ವೇಗದಿಂದ ಎಷ್ಟು ಸೆಕೆಂಡಿನಲ್ಲಿ ನಿಂತಿತು ಎಂದು ಮಕ್ಕಳು ಮನೆಯಲ್ಲಿ ಎಣಿಸಿ ಬರೆದುಕೊಂಡು ಬರಲಿ. ಎರಡೇ ಸೆಕೆಂಡ್ ಎಂದಿಟ್ಟುಕೊಳ್ಳಿ. ಒಳ್ಳೆಯ ಟಯರು, ಒಣ ರಸ್ತೆ, ಎಲ್ಲ ಸರಿಯಿದ್ದರೂ ರಸ್ತೆಯ ಕಾರಿಗೆ ಸುಮಾರು 6 ಸೆಕೆಂಡ್ ಬೇಕು, ಸುಮಾರು 157 ಮೀಟರ್ ದೂರ ಬೇಕು. ಆ 157 ಮೀಟರನ್ನು ಶಾಲೆಯ ಮುಂದಿನ ರಸ್ತೆಯಲ್ಲಿ ಹೆಜ್ಜೆ ಹಾಕಿ ಅಳೆದು ತೋರಿಸಿ. ಶಾಲೆಯ ಗೇಟಿನಿಂದ ಎಲ್ಲಿಯ ತನಕ ಹೋಗುತ್ತದೆ ಎಂದು ಕಣ್ಣಾರೆ ಕಂಡ ಮಗು ಆ ಆಟವನ್ನು ಮತ್ತೆ ಆಡಬಹುದು, ಆಡಲಿ. ಆದರೆ ನಂಬುವುದಿಲ್ಲ.

ನಮಗೆ ಬೇಕಾದ್ದು ಅಷ್ಟೇ. ಆಡುವ ಮಗು ಬೇಕು, ನಂಬುವ ಮಗು ಬೇಡ. ಪಟ್ಟಿಯಲ್ಲಿ ನಾಲ್ಕು ಗೆರೆ ನೋಡಿದಾಗ "ಐದನೆಯದು ಎಲ್ಲಿ?" ಎಂದು ಕೇಳುವ ಮಗು ಬೇಕು. ಆ ಪ್ರಶ್ನೆ ಕಾರಿನ ಜಾಹೀರಾತಿಗೂ ಆಗುತ್ತದೆ, ನಾಳೆ ಓಟು ಕೇಳಲು ಬರುವವರಿಗೂ ಆಗುತ್ತದೆ.

ಮುಂದಿನ ಪೋಷಕರ ಸಭೆಯಲ್ಲಿ ಬೆಂಕಿಪೊಟ್ಟಣದ ಪ್ರಯೋಗವನ್ನು ಅಪ್ಪ ಅಮ್ಮಂದಿರ ಮುಂದೆ ಮಕ್ಕಳಿಂದಲೇ ಮಾಡಿಸಿ. ಲಾರಿ ಓಡಿಸುವ ಅಪ್ಪಂದಿರನ್ನು ಕರೆದು ಇಳಿಜಾರಿನಲ್ಲಿ ಯಾವ ಗೇರು, ಏಕೆ ಎಂದು ಮಕ್ಕಳಿಗೆ ಹೇಳಿಸಿ. ಅವರಿಗಿಂತ ದೊಡ್ಡ ಸಂಪನ್ಮೂಲ ವ್ಯಕ್ತಿ ಯಾವ ತರಬೇತಿ ಕೇಂದ್ರದಲ್ಲೂ ಸಿಗುವುದಿಲ್ಲ. ನಿಮ್ಮ ಶಾಲೆಯಲ್ಲಿ ಪೊಟ್ಟಣ ಎಷ್ಟು ದೂರ ಹೋಯಿತು ಎಂದು ನಮಗೂ ಬರೆಯಿರಿ. ತಾಳಿಯ ಪೊಟ್ಟಣ ಮುಂದೋ, ತಾಳವಾಡಿಯ ಪೊಟ್ಟಣ ಮುಂದೋ ನೋಡೇಬಿಡೋಣ!

ಸಿರಿಗನ್ನಡಂ ಗೆಲ್ಗೆ.